ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ಕೋಟೆಯ ರಕ್ಷಣೆ: ಸೇತುವೆ, ಬೋನು, ಪಡೆ, ನೀರು, ಲಾವಾರಸಗಳಲ್ಲಿ ನಿಮಗೆ ಯಾವುದು?

ಕುಬ್ಜರ ಗುಂಪಿನಿಂದ ಕೋಟೆ ಕಟ್ಟಿಸಿ ಅದನ್ನು ಉಳಿಸಿಕೊಳ್ಳುವ ಕಂಪ್ಯೂಟರ್ ಆಟವಾದ ಡ್ವಾರ್ಫ್ ಫೋರ್ಟ್ರೆಸ್ ಆಡುವವರು ಒಂದೆರಡು ಕೋಟೆಗಳನ್ನು ಕಳೆದುಕೊಂಡ ಮೇಲೆ ಬಹುತೇಕ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಇರುವ ಜನ ಕಡಿಮೆ, ಕಬ್ಬಿಣ ಇನ್ನೂ ಕಡಿಮೆ. ಹೀಗಿರುವಾಗ ರಕ್ಷಣೆಗೆಂದು ಮೊದಲು ಏನನ್ನು ಕಟ್ಟಬೇಕು? ಸೇತುವೆಯನ್ನು ಎತ್ತಿ ಒಳಗೆ ಕುಳಿತರೆ ಸಾಕು ಎನ್ನುವವರಿದ್ದಾರೆ, ದಾರಿಯುದ್ದಕ್ಕೂ ಬೋನು ಇಡಿ ಎನ್ನುವವರಿದ್ದಾರೆ, ಉಕ್ಕಿನ ಕವಚ ತೊಟ್ಟ ಪಡೆಯಿಲ್ಲದೆ ಯಾವ ಕೋಟೆಯೂ ಉಳಿಯದು ಎನ್ನುವವರೂ ಇದ್ದಾರೆ. ಪ್ರತಿಯೊಬ್ಬರ ಮಾತೂ ಒಂದು ಬಗೆಯ ಶತ್ರುವಿನ ಮಟ್ಟಿಗೆ ನಿಜವೇ ಆಗಿರುವುದರಿಂದ ಹೊಸಬರ ಗೊಂದಲ ಹೆಚ್ಚುತ್ತದೆ.

ಟಾರ್ನ್ ಆಡಮ್ಸ್ ಮತ್ತು ಜ್ಯಾಕ್ ಆಡಮ್ಸ್ ಸಹೋದರರು ಈ ಆಟವನ್ನು ಮೊದಲು ಹೊರತಂದದ್ದು 2006ರಲ್ಲಿ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಚಿತ್ರಗಳೂ ಮೌಸ್ ಬಳಕೆಯೂ ಇರುವ ಆವೃತ್ತಿ 2022ರ ಡಿಸೆಂಬರ್‌ನಲ್ಲಿ ಬಂದ ಮೇಲೆ ಆಡುವವರ ಸಂಖ್ಯೆ ಬಹಳ ಬೆಳೆಯಿತು. ಅಕ್ಷರಗಳಲ್ಲೇ ನಡೆಯುವ ಹಳೆಯ ಮಾದರಿಯೂ ಉಚಿತವಾಗಿ ಸಿಗುತ್ತಲೇ ಇದೆ. ಈ ಹೋಲಿಕೆ ಎರಡಕ್ಕೂ ಅನ್ವಯಿಸುತ್ತದೆ.

ಅಳತೆಗೋಲುಗಳು

ರಕ್ಷಣೆಯ ಯಾವುದೇ ವಿಧಾನವನ್ನು ಅದು ಕೈಕೊಟ್ಟ ದಿನ ಏನಾಗುತ್ತದೆ ಎಂಬುದರಿಂದ ಅಳೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಆಟದಲ್ಲಿ ಶತ್ರುವನ್ನು ಕೊಲ್ಲಬಲ್ಲ ಪ್ರತಿಯೊಂದು ವಸ್ತುವೂ ನಮ್ಮವರನ್ನೂ ಕೊಲ್ಲಬಲ್ಲದು: ಇಳಿಯುವ ಸೇತುವೆ ಕೆಳಗೆ ನಿಂತವರನ್ನು ಜಜ್ಜುತ್ತದೆ, ಕಂದಕ ತುಂಬಬೇಕಾದ ನೀರು ಊಟದ ಹಜಾರಕ್ಕೆ ನುಗ್ಗುತ್ತದೆ. ಆದ್ದರಿಂದ ಕೋಟೆಯ ರಕ್ಷಣೆ ಮತ್ತು ಕೋಟೆಯೊಳಗಿನ ಅಪಾಯ ಎಂಬ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ನೋಡುವುದು ಸರಿಯಲ್ಲ.

ಇದರ ಜೊತೆಗೆ ನೋಡಬೇಕಾದವು ಇನ್ನೂ ನಾಲ್ಕಿವೆ. ಏಳು ಕುಬ್ಜರು ಮತ್ತು ಒಂದು ಬಂಡಿ ಸಾಮಾನಿನೊಂದಿಗೆ ಆಟ ಶುರುವಾಗುವುದರಿಂದ, ವಿಧಾನವೊಂದು ಮೊದಲ ವರ್ಷದಲ್ಲೇ ಸಿದ್ಧವಾಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಬೇಕಾದ ಸಾಮಗ್ರಿ ನಿಮ್ಮ ನೆಲದಲ್ಲಿ ಇದೆಯೇ ಎಂಬುದು ಎರಡನೆಯದು. ಕಳ್ಳರು, ಬಾಗಿಲು ಒಡೆಯುವ ಟ್ರೋಲ್‌ಗಳು, ಹಾರುವ ಜೀವಿಗಳು, ಸತ್ತೆದ್ದ ಹೆಣಗಳು, ಪಾತಾಳದ ಗುಹೆಗಳಿಂದ ಬರುವ ‘ಮರೆತುಹೋದ ಮೃಗ’ಗಳು, ಇವುಗಳಲ್ಲಿ ಯಾವುದನ್ನು ಅದು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ ಎಂಬುದು ಮೂರನೆಯದು. ನಾಲ್ಕನೆಯದನ್ನು ಅನೇಕರು ಮರೆಯುತ್ತಾರೆ: ನಿಮ್ಮ ಕಂಪ್ಯೂಟರ್ ಅದನ್ನು ತಾಳುತ್ತದೆಯೇ? ಹರಿಯುವ ನೀರು ಮತ್ತು ಲಾವಾರಸದ ಪ್ರತಿ ಚೌಕವನ್ನೂ ಆಟ ಲೆಕ್ಕ ಹಾಕುತ್ತಿರುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಲೆಕ್ಕವೇ ಆಟವನ್ನು ನಿಧಾನಗೊಳಿಸಿ ಬೇಸರ ಹುಟ್ಟಿಸಬಹುದು.

ಎತ್ತುವ ಸೇತುವೆ

ಖರ್ಚಿನ ದೃಷ್ಟಿಯಿಂದ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಸೇತುವೆಗೆ ಕೆಲವು ಕಲ್ಲುಗಳು, ಅದನ್ನು ಎತ್ತಿ ಇಳಿಸುವ ಸನ್ನೆಯಾದ ಲಿವರ್‌ಗೆ ಒಂದು ಮೆಕ್ಯಾನಿಸಂ (ಯಂತ್ರದ ಬಿಡಿಭಾಗ), ಲಿವರ್‌ಗೂ ಸೇತುವೆಗೂ ಕೊಂಡಿ ಹಾಕಲು ಇನ್ನೆರಡು ಮೆಕ್ಯಾನಿಸಂ ಇದ್ದರೆ ಸಾಕು, ಮತ್ತು ಒಂದು ಮೆಕ್ಯಾನಿಸಂಗೆ ಬೇಕಾದದ್ದು ಒಂದೇ ಕಲ್ಲು. ಎತ್ತಿದ ಸೇತುವೆ ಗೋಡೆಯಂತೆ ನಿಲ್ಲುತ್ತದೆ. ಬಾಗಿಲನ್ನು ಟ್ರೋಲ್‌ಗಳು ಒಡೆದು ಹಾಕುತ್ತವೆಯಾದ್ದರಿಂದ ಮುಖ್ಯದ್ವಾರಕ್ಕೆ ಮರದ ಅಥವಾ ಕಲ್ಲಿನ ಬಾಗಿಲನ್ನು ನಂಬುವುದಕ್ಕಿಂತ ಸೇತುವೆಯನ್ನು ನಂಬುವುದು ಲೇಸು. ವ್ಯಾಪಾರಿಗಳ ಬಂಡಿಗಳಿಗೆ ಮೂರು ಚೌಕ ಅಗಲದ ದಾರಿ ಬೇಕಾಗುವುದರಿಂದ ಸೇತುವೆಯ ಅಗಲವೂ ಅದಕ್ಕಿಂತ ಕಡಿಮೆ ಇರಕೂಡದು. ಕಟ್ಟುವಾಗ ಯಾವ ದಿಕ್ಕಿಗೆ ಏಳಬೇಕೆಂಬುದನ್ನು ಆರಿಸಲೇಬೇಕು. ಒಳಕ್ಕೆ ಸರಿದುಕೊಳ್ಳುವ ಬಗೆಯ ಸೇತುವೆ ಗೋಡೆಯಾಗುವುದಿಲ್ಲ, ಕೆಳಗೆ ಹಳ್ಳವಿದ್ದಾಗ ಮಾತ್ರ ಅದಕ್ಕೆ ಅರ್ಥ.

ಸೇತುವೆ ಕೈಕೊಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದಾಳಿಗೆ ಬರುವ ಗಾಬ್ಲಿನ್ ಎಂಬ ಶತ್ರುಗಳು ನಕ್ಷೆಯ ಅಂಚಿನಲ್ಲಿ ಕಾಣಿಸಿಕೊಂಡ ಕೂಡಲೇ ನೀವು ಲಿವರ್ ಎಳೆಯಲು ಆಜ್ಞೆ ಕೊಡುತ್ತೀರಿ. ಆದರೆ ಅದು ಆಜ್ಞೆಯಷ್ಟೇ. ಯಾರಾದರೂ ಒಬ್ಬ ಕುಬ್ಜ ಕೈಯಲ್ಲಿದ್ದ ಕೆಲಸ ಮುಗಿಸಿ ಅಲ್ಲಿಗೆ ನಡೆದುಬರಬೇಕು. ಬಿಡುವಾಗಿದ್ದವನು ಹತ್ತು ಅಂತಸ್ತು ಕೆಳಗೆ ಮಲಗಿದ್ದರೆ ಆ ನಡಿಗೆಯಲ್ಲೇ ಕಾಲ ಕಳೆದುಹೋಗುತ್ತದೆ. ಎಳೆದ ಮೇಲೂ ಸೇತುವೆ ತಕ್ಷಣ ಏಳುವುದಿಲ್ಲ. ಆಟದ ಗಡಿಯಾರದಲ್ಲಿ 100 ಟಿಕ್ ಕಳೆಯಬೇಕು, ಅಷ್ಟರಲ್ಲಿ ಶತ್ರು ಸುಮಾರು ಹತ್ತು ಚೌಕ ಮುಂದೆ ಬಂದಿರುತ್ತಾನೆ. ಬಹಳ ದೊಡ್ಡ ಜೀವಿಯೊಂದು ಸೇತುವೆಯ ಮೇಲೆ ಕಾಲಿಟ್ಟಿದ್ದರೆ ಅದು ಕದಲುವುದೇ ಇಲ್ಲ. ಹೊರಗೆ ಮರ ಕಡಿಯುತ್ತಿದ್ದವರು, ಸೊಪ್ಪು ಹಣ್ಣು ಕೀಳುತ್ತಿದ್ದವರು ಹೊರಗೇ ಉಳಿಯುತ್ತಾರೆ.

ಇವುಗಳಿಗೆ ಪರಿಹಾರ ಕಷ್ಟದ್ದಲ್ಲ. ಲಿವರನ್ನು ಜನ ಬಿಡುವಿನಲ್ಲಿ ಸೇರುವ ಊಟದ ಹಜಾರದಲ್ಲೋ ಹೆಂಡದಂಗಡಿಯಲ್ಲೋ ಇಡಿ, ಎಳೆಯುವವರು ಹತ್ತಿರವೇ ಇರುತ್ತಾರೆ. ಒಂದರ ಹಿಂದೆ ಒಂದರಂತೆ ಎರಡು ಸೇತುವೆ ಕಟ್ಟಿ, ಒಂದನ್ನು ತೆರೆದಾಗ ಇನ್ನೊಂದನ್ನು ಮುಚ್ಚಿಡಿ. ದ್ವಾರದ ಮುಂದಿನ ದಾರಿಯನ್ನು ನೇರವಾಗಿ ಬಿಡದೆ ಚಿತ್ರದುರ್ಗದ ಬಾಗಿಲುಗಳ ಹಾದಿಯಂತೆ ತಿರುವು ಕೊಟ್ಟು ಉದ್ದ ಮಾಡಿದರೆ ಆ 100 ಟಿಕ್ ನಿಮ್ಮ ಪಾಲಿಗೆ ಉಳಿಯುತ್ತದೆ. ಹೊರಗಿನವರನ್ನು ಒಳಗೆ ಕರೆಸಿಕೊಳ್ಳಲು ಮೊದಲೇ ಒಂದು ವಲಯವನ್ನು ಗುರುತಿಸಿ ಸಿದ್ಧವಾಗಿಡಿ. ಒಂದೊಂದು ಲಿವರ್‌ಗೂ ಬೇರೆ ಬಣ್ಣದ ಕಲ್ಲು ಬಳಸುವುದು ಸಣ್ಣ ವಿಷಯವೆನ್ನಿಸಬಹುದು, ಆದರೆ ದ್ವಾರದ ಲಿವರ್ ಎಂದು ನಾಲೆಯ ಲಿವರ್ ಎಳೆದ ದಿನ ಅದರ ಬೆಲೆ ತಿಳಿಯುತ್ತದೆ.

ಹಾಗಾದರೆ ದ್ವಾರ ಮುಚ್ಚಿಕೊಂಡೇ ಇದ್ದುಬಿಟ್ಟರೆ? ಅನ್ನ, ಹೆಂಡದ ಮಟ್ಟಿಗೆ ಸಾಧ್ಯವಿದೆ. ಪ್ಲಂಪ್ ಹೆಲ್ಮೆಟ್ ಎಂಬ ಅಣಬೆ ನೆಲದಡಿಯಲ್ಲಿ ವರ್ಷವಿಡೀ ಬೆಳೆಯುತ್ತದೆ, ಅದರಿಂದಲೇ ಮದ್ಯವೂ ಆಗುತ್ತದೆ. ಆದರೆ ವಲಸಿಗರು ಒಳಗೆ ಬರಲಾರರು, ವ್ಯಾಪಾರಿಗಳೂ ಒಳಗೆ ಬರಲಾರರು, ಮತ್ತು ಬಹುಕಾಲ ಸೂರ್ಯನನ್ನು ಕಾಣದ ಕುಬ್ಜರು ಮುಂದೆ ಬೆಳಕಿಗೆ ಬಂದಾಗ ವಾಂತಿ ಮಾಡಿಕೊಳ್ಳುತ್ತಾರೆ. 2025ರ ಕೊನೆಯಲ್ಲಿ ಬಂದ ಮುತ್ತಿಗೆಯ ಅಪ್‌ಡೇಟ್‌ನ ನಂತರ ದಾಳಿಕೋರರು ನೆಲ ಅಗೆದುಕೊಂಡೂ ಬರಬಲ್ಲರು. ಮುಚ್ಚಿದ ದ್ವಾರವೊಂದೇ ಸಾಕೆಂಬ ಹಳೆಯ ಸಲಹೆಗೆ ಈಗ ಅಷ್ಟು ಬಲವಿಲ್ಲ.

ಬೋನು ಮತ್ತು ಇತರ ಬಲೆಗಳು

ಒಂದು ಮೆಕ್ಯಾನಿಸಂ, ಮರದ ಒಂದು ದಿಮ್ಮಿಯಿಂದ ಮಾಡಿದ ಒಂದು ಬೋನು: ಇಷ್ಟರಿಂದ ಕವಚ ತೊಟ್ಟ ಗಾಬ್ಲಿನ್ ಮಾತ್ರವಲ್ಲ, ಟ್ರೋಲ್ ಕೂಡ ಸೆರೆಯಾಗುತ್ತದೆ. ಹಿಡಿಯುವ ಶಕ್ತಿಯಲ್ಲಿ ಮರದ ಬೋನಿಗೂ ಲೋಹದ ಬೋನಿಗೂ ವ್ಯತ್ಯಾಸವಿಲ್ಲ. ಕಬ್ಬಿಣವಿಲ್ಲದ ನೆಲದಲ್ಲಿ, ಪಡೆ ಕಟ್ಟಲು ಜನರೂ ಇಲ್ಲದ ಮೊದಲ ವರ್ಷದಲ್ಲಿ, ಕಿರಿದಾದ ದಾರಿಯಲ್ಲಿ ಹತ್ತಾರು ಬೋನುಗಳನ್ನು ಸಾಲಾಗಿ ಇಡುವುದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಸೆರೆಸಿಕ್ಕವರ ಆಯುಧ, ಕವಚಗಳು ನಿಮ್ಮವಾಗುತ್ತವೆ ಎಂಬುದು ಮೇಲಿನ ಲಾಭ.

ಕಲ್ಲು ಬೀಳಿಸುವ ಬಲೆ ಇನ್ನೂ ಅಗ್ಗವಾದರೂ ಒಮ್ಮೆ ಬಿದ್ದ ಮೇಲೆ ಮತ್ತೆ ಕಲ್ಲು ತುಂಬಬೇಕು. ಆಯುಧಬಲೆಗೆ ಹತ್ತರವರೆಗೆ ಆಯುಧಗಳನ್ನು ಜೋಡಿಸಬಹುದು. ಅದು ನಿಜಕ್ಕೂ ಭೀಕರ, ಆದರೆ ಶವ ಸಿಕ್ಕಿಕೊಂಡು ನಿಂತುಬಿಡುತ್ತದೆ. ಆಗ ಅದನ್ನು ಶುಚಿಗೊಳಿಸಲು ನಿಮ್ಮದೇ ಕುಬ್ಜನೊಬ್ಬ ಮುತ್ತಿಗೆಯ ನಡುವೆಯೇ ಹೊರಟುಬಿಡುತ್ತಾನೆ. ಬಲೆಗಳಿಂದ ಆಗುವ ಸಾವುಗಳಲ್ಲಿ ಇಂಥವು ಹೆಚ್ಚು. ಬಲೆಯ ಸಾಲು ಸೇತುವೆಯ ಒಳಬದಿಗಿದ್ದು, ಸೇತುವೆ ಎತ್ತಿದಾಗ ನಿರ್ಭಯವಾಗಿ ಸರಿಪಡಿಸುವಂತಿದ್ದರೆ ಈ ತೊಂದರೆ ತಪ್ಪುತ್ತದೆ. ನಮ್ಮವರ ಮೇಲೆ ಬಲೆಗಳು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲವಾದರೂ, ಪ್ರಜ್ಞೆ ತಪ್ಪಿ ಅದರ ಮೇಲೆ ಬಿದ್ದವನನ್ನು ಬಲೆ ಬಿಡುವುದಿಲ್ಲ. ಹಾಗಾಗಿ ಬಲೆಗಳ ಮೇಲೆಯೇ ಕೈಗೈ ಯುದ್ಧ ನಡೆಯುವಂತೆ ಪಡೆಯನ್ನು ನಿಲ್ಲಿಸಬಾರದು.

ಕೋಬೋಲ್ಡ್ ಕಳ್ಳರು ಮತ್ತು ಗ್ರೆಮ್ಲಿನ್‌ಗಳು ಬಲೆಗಳನ್ನು ತಪ್ಪಿಸಿಕೊಳ್ಳುತ್ತವೆ, ಮರೆತುಹೋದ ಮೃಗಗಳಿಗೂ ಬಲೆ ತಟ್ಟುವುದಿಲ್ಲ. ಗ್ರೆಮ್ಲಿನ್‌ಗಳು ಒಳಗೆ ನುಸುಳಿ ಲಿವರ್ ಎಳೆಯುವ, ಬೋನಿನಲ್ಲಿದ್ದವರನ್ನು ಬಿಡಿಸುವ ಚಾಳಿಯುಳ್ಳವು. ದ್ವಾರದ ಬಳಿ ಒಂದೆರಡು ನಾಯಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕಿದರೆ ಕದ್ದು ಬರುವವರು ಕಣ್ಣಿಗೆ ಬೀಳುತ್ತಾರೆ.

ಪಡೆ

ಬೋನಿಗೆ ಸಿಗದ್ದನ್ನು, ಸೇತುವೆ ದಾಟಿ ಬಂದದ್ದನ್ನು, ಕೋಟೆಯ ನಡುವೆಯೇ ಎದ್ದು ನಿಂತದ್ದನ್ನು ಎದುರಿಸಬಲ್ಲದ್ದು ಪಡೆಯೊಂದೇ. ಆದರೆ ಎಲ್ಲಕ್ಕಿಂತ ದುಬಾರಿಯೂ ಅದೇ. ಒಂದು ದಳದಲ್ಲಿ ಹತ್ತು ಜನರವರೆಗೆ ಇರಬಹುದು. ಅಷ್ಟು ಜನರೂ ತರಬೇತಿಯಲ್ಲಿ ತೊಡಗಿದರೆ ಹೊಲ, ಗಣಿ, ಅಡುಗೆ ಯಾವುದಕ್ಕೂ ಅವರು ಸಿಗುವುದಿಲ್ಲ. ಮೂವತ್ತು ಜನರ ಕೋಟೆಯಲ್ಲಿ ಇದು ದೊಡ್ಡ ಹೊರೆ, ಎಂಬತ್ತು ಜನರ ಕೋಟೆಯಲ್ಲಿ ಅಲ್ಲ.

ಲೋಹದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಉಕ್ಕಿಗೆ ಕಬ್ಬಿಣದ ಗಟ್ಟಿ, ಬೀಡು ಕಬ್ಬಿಣದ ಗಟ್ಟಿ, ಸುಣ್ಣಕಲ್ಲು ಅಥವಾ ಡಾಲಮೈಟ್ ಅಥವಾ ಅಮೃತಶಿಲೆಯಂಥ ಕಲ್ಲು, ಮತ್ತು ಇದ್ದಿಲು ಅಥವಾ ಕಲ್ಲಿದ್ದಲಿನ ಕೋಕ್ ಬೇಕು. ಬೀಡು ಕಬ್ಬಿಣವನ್ನು ಮಾಡುವುದಕ್ಕೂ ಇವೇ ಮತ್ತೊಮ್ಮೆ ಖರ್ಚಾಗುತ್ತವೆ. ಶಿರಸ್ತ್ರಾಣ, ಎದೆಕವಚ, ಕಾಲ್ಕವಚ, ಕೈಗವಸು, ಪಾದರಕ್ಷೆ, ಗುರಾಣಿ, ಆಯುಧ ಎಂದು ಎಣಿಸುತ್ತಾ ಹೋದರೆ ಒಬ್ಬನಿಗೇ ರಾಶಿ ಗಟ್ಟಿಗಳು ಬೇಕಾಗುತ್ತವೆ. ತಾಮ್ರ ಮತ್ತು ತವರ ಸಿಗುವ ನೆಲದಲ್ಲಿ ಕಂಚಿನಿಂದ ಆರಂಭಿಸುವುದು ಸೋಲಿನ ಲಕ್ಷಣವಲ್ಲ. ಗಾಬ್ಲಿನ್‌ಗಳ ಎದುರು ಕಂಚು ಗೌರವದಿಂದಲೇ ನಿಲ್ಲುತ್ತದೆ. ಇಬ್ಬರಿಗೆ ಪೂರ್ತಿ ಕವಚ ತೊಡಿಸುವುದು ಹತ್ತು ಜನರಿಗೆ ಒಂದೊಂದು ತುಂಡು ಹಂಚುವುದಕ್ಕಿಂತ ಎಷ್ಟೋ ಮೇಲು.

ಕ್ರಾಸ್‌ಬೋ ಎಂಬ ಅಡ್ಡಬಿಲ್ಲು ಹಿಡಿದವರು ಹಾರುವ ಜೀವಿಗಳ ವಿರುದ್ಧ ಬೇಕೇಬೇಕು. ಕಿಂಡಿ ಕೊರೆದ ಗೋಡೆಯ ಹಿಂದೆ ಅವರು ಸುರಕ್ಷಿತರು, ಮರದ ಅಥವಾ ಮೂಳೆಯ ಬಾಣಗಳಿಂದ ತರಬೇತಿಯೂ ಅಗ್ಗ. ಆದರೆ ಬತ್ತಳಿಕೆ ಇಲ್ಲದಿದ್ದರೆ ಅಥವಾ ಬಾಣ ಮುಗಿದರೆ ಅವರು ಕ್ರಾಸ್‌ಬೋವನ್ನೇ ದೊಣ್ಣೆಯಂತೆ ಬೀಸುತ್ತಾ ಶತ್ರುವಿನ ಮೇಲೆ ನುಗ್ಗುತ್ತಾರೆ. ಅವರ ಕಿಂಡಿಯ ಕೋಣೆಯಿಂದ ಹೊರಗೆ ದಾರಿಯೇ ಇಲ್ಲದಂತೆ ಬಾಗಿಲು ಬೀಗ ಹಾಕುವುದು ಇದಕ್ಕೆ ಸರಿಯಾದ ಉಪಾಯ.

ಪಡೆ ಸೋತರೆ ಸಾವುಗಳು ಮಾತ್ರ ಆಗುವುದಿಲ್ಲ. ಸತ್ತವರ ಬಂಧುಗಳು, ಗೆಳೆಯರು ದುಃಖದಿಂದ ಕುಗ್ಗುತ್ತಾರೆ, ಕೆಲವರು ಹೊಡೆದಾಟಕ್ಕಿಳಿಯುತ್ತಾರೆ. ಶವಸಂಸ್ಕಾರವಾಗದವರು ಪ್ರೇತಗಳಾಗಿ ಬರುತ್ತಾರೆ. ಶವಪೆಟ್ಟಿಗೆಗಳು, ಶವ ಸಿಗದವರಿಗೆ ಸ್ಮಾರಕ ಶಿಲೆ, ಶುದ್ಧ ನೀರಿನ ಬಾವಿ ಮತ್ತು ಸಾಬೂನು ಇರುವ ಆಸ್ಪತ್ರೆ, ಇವೆಲ್ಲ ಪಡೆಯ ಖರ್ಚಿನ ಭಾಗವೇ. ಹುಣ್ಣಿಮೆಯಂದು ರೂಪ ಬದಲಿಸುವ ವೇರ್‌ಬೀಸ್ಟ್‌ನೊಡನೆ ಹೋರಾಡಿದ ಮೇಲೆ ಪ್ರತಿಯೊಬ್ಬರ ಗಾಯವನ್ನೂ ತೆರೆದು ನೋಡಲೇಬೇಕು. ಕಚ್ಚಿಸಿಕೊಂಡವನು ಮುಂದಿನ ಹುಣ್ಣಿಮೆಗೆ ತಾನೇ ಮೃಗವಾಗಬಹುದು, ಅದೂ ಆಸ್ಪತ್ರೆಯ ನಡುಮಧ್ಯೆ. ಅವನನ್ನು ಗೋಡೆ ಕಟ್ಟಿ ಮುಚ್ಚಿದ ಕೋಣೆಯಲ್ಲಿ ಪ್ರತ್ಯೇಕವಾಗಿಡುವುದು ಕಠೋರವೆನಿಸಿದರೂ ಉಳಿದವರ ಜೀವದ ಪ್ರಶ್ನೆ ಅದು.

ನೀರು

ಕಂದಕ ನೋಡಲು ಅಂದ, ಅಗೆಯಲು ಸುಲಭ. ನೀರಿಲ್ಲದ ಕಂದಕವೂ ದಾರಿಯನ್ನು ಕತ್ತರಿಸುವ ಕೆಲಸ ಮಾಡುತ್ತದೆ, ಹಾಗಾಗಿ ಅನೇಕ ಕೋಟೆಗಳಿಗೆ ಒಣ ಕಂದಕವೇ ಸಾಕು. ಚಳಿಪ್ರದೇಶದಲ್ಲಿ ನೀರಿನ ಕಂದಕ ಹೆಪ್ಪುಗಟ್ಟಿ ಶತ್ರುಗಳಿಗೆ ನೆಲವಾಗುತ್ತದೆ, ಬಿಸಿಪ್ರದೇಶದಲ್ಲಿ ನಿಂತ ನೀರು ಆರಿಹೋಗುತ್ತದೆ. ಸತ್ತೆದ್ದ ಹೆಣಗಳು ಮುಳುಗಿ ಸಾಯುವುದಿಲ್ಲ, ಮರೆತುಹೋದ ಮೃಗಗಳಲ್ಲಿ ಹಲವಕ್ಕೆ ಉಸಿರೇ ಬೇಡ. ಆದ್ದರಿಂದ ಶತ್ರುಗಳನ್ನು ಕೋಣೆಯಲ್ಲಿ ಕೂಡಿ ನೀರು ಬಿಡುವ ಯೋಜನೆ ಗಾಬ್ಲಿನ್‌ಗಳಿಗೆ ಹೊಂದುತ್ತದೆ, ಹೆಣಗಳನ್ನು ಎಬ್ಬಿಸುವ ಮಾಂತ್ರಿಕರಾದ ನೆಕ್ರೋಮ್ಯಾನ್ಸರ್‌ಗಳ ನೆರೆಹೊರೆಗೆ ಹೊಂದುವುದಿಲ್ಲ.

ನಿಜವಾದ ಅಪಾಯ ಇರುವುದು ನದಿಗೆ ನಾಲೆ ಸೇರಿಸುವ ಕೊನೆಯ ಚೌಕದಲ್ಲಿ. ಆಟದಲ್ಲಿ ನೀರಿನ ಆಳ 1ರಿಂದ 7ರವರೆಗೆ; ನದಿಯ ನೀರಿಗೆ ಒತ್ತಡವಿರುವುದರಿಂದ ಅದು ಕೆಳಕ್ಕೆ ಇಳಿದು ಮತ್ತೆ ನದಿಯ ಮಟ್ಟಕ್ಕೆ ಸಮೀಪವಾಗಿ ಮೇಲೇರಬಲ್ಲದು. ನಾಲೆ ಅಗೆಯುವವನು ಆ ಕೊನೆಯ ಕಲ್ಲನ್ನು ಒಡೆದ ಮರುಕ್ಷಣ ಅವನೇ ಕೊಚ್ಚಿಹೋಗುತ್ತಾನೆ, ಹಿಂದೆಯೇ ನೀರು ಕೋಟೆಯ ಮೆಟ್ಟಿಲುಗಳನ್ನು ಹುಡುಕಿಕೊಂಡು ಬರುತ್ತದೆ. ಮೊದಲು ನಾಲೆಯ ನಡುವೆ ತೂಬಿನ ಬಾಗಿಲನ್ನು ಕಟ್ಟಿ, ಲಿವರ್‌ಗೆ ಕೊಂಡಿ ಹಾಕಿ, ಅದು ತೆರೆದು ಮುಚ್ಚುವುದನ್ನು ಒಣನಾಲೆಯಲ್ಲೇ ಪರೀಕ್ಷಿಸಿ. ನಂತರ ನಾಲೆಯ ಒಂದು ಕಡೆ ನೀರು ಓರೆಯಾಗಿ, ಮೂಲೆಯಿಂದ ಮೂಲೆಗೆ ಮಾತ್ರ ದಾಟುವಂತೆ ಅಗೆಯಿರಿ. ಓರೆದಾರಿಯಲ್ಲಿ ಒತ್ತಡ ಮುರಿಯುತ್ತದೆ. ಕೊನೆಯ ಚೌಕವನ್ನು ಮೇಲಿನ ಅಂತಸ್ತಿನಿಂದ ತೆಗೆಯಿರಿ. ಬಂದ ನೀರು ಹೋಗಲೂ ದಾರಿ ಬೇಕು: ನಕ್ಷೆಯ ಅಂಚಿನ ಕಲ್ಲನ್ನು ನುಣುಪು ಮಾಡಿ ಕಿಂಡಿ ಕೊರೆದರೆ ನೀರು ಅಲ್ಲಿಂದ ಹೊರಹೋಗುತ್ತದೆ.

ಲಾವಾರಸ

ಆಟದಲ್ಲಿ ಮ್ಯಾಗ್ಮಾ ಎನ್ನಿಸಿಕೊಳ್ಳುವ ಈ ದ್ರವದ ಮುಂದೆ ನಿಲ್ಲುವ ಶತ್ರುಗಳು ಕೆಲವೇ. ಹೆಪ್ಪುಗಟ್ಟುವುದಿಲ್ಲ, ಪಂಪ್ ಮಾಡದಿದ್ದರೆ ಅದಕ್ಕೆ ನೀರಿನಂಥ ಒತ್ತಡವೂ ಇಲ್ಲ. ಆದರೆ ಜ್ವಾಲಾಮುಖಿ ಇಲ್ಲದ ನೆಲದಲ್ಲಿ ಅದು ಸಿಗುವುದು ಮೂರು ಗುಹಾಪದರಗಳ ಕೆಳಗೆ. ಅಲ್ಲಿಂದ ಮೇಲಕ್ಕೆ ತರಲು ಪಂಪುಗಳ ಗೋಪುರ, ಅದನ್ನು ತಿರುಗಿಸುವ ಶಕ್ತಿ, ಮತ್ತು ಕಬ್ಬಿಣ ಅಥವಾ ಉಕ್ಕಿನಂಥ, ಆ ಶಾಖಕ್ಕೆ ಕರಗದ ಸಾಮಗ್ರಿಯ ಬಿಡಿಭಾಗಗಳು ಬೇಕು. ತೂಬಿನ ಬಾಗಿಲು ಮಾತ್ರವಲ್ಲ, ಅದರೊಳಗಿನ ಮೆಕ್ಯಾನಿಸಂ ಕೂಡ ಅಂಥದ್ದೇ ಆಗಿರಬೇಕು. ಇದನ್ನು ಕಡೆಗಣಿಸಿದರೆ ಮೊದಲ ಬಳಕೆಯಲ್ಲೇ ತೂಬು ಕರಗಿ, ಮುಚ್ಚಲಾಗದ ಬಾಯೊಂದು ತೆರೆದುಕೊಳ್ಳುತ್ತದೆ.

ಸತ್ತ ಗಾಬ್ಲಿನ್‌ಗಳ ಕಬ್ಬಿಣದ ಸಾಮಾನು ಉಳಿಯುತ್ತದೆ, ತಾಮ್ರ, ಬೆಳ್ಳಿ, ಬಟ್ಟೆ, ಚರ್ಮ ಹೋಗುತ್ತವೆ. ಹೊರಗಿನ ಹುಲ್ಲಿಗೆ ಬೆಂಕಿ ತಗಲಿದರೆ ದನಕರುಗಳೂ ಹೊರಗಿದ್ದವರೂ ಸುಟ್ಟುಹೋಗುತ್ತಾರೆ. ಡ್ರ್ಯಾಗನ್ನಿನಂಥ ಬೆಂಕಿಯ ಜೀವಿಗಳಿಗೆ ಇದರಿಂದ ಏನೂ ಆಗುವುದಿಲ್ಲ. ಕೋಟೆ ತಳವೂರಿ, ಇತರ ರಕ್ಷಣೆಗಳೆಲ್ಲ ಸಿದ್ಧವಾಗಿ, ಇಂಥ ಯಂತ್ರ ಕಟ್ಟುವುದರಲ್ಲೇ ನಿಮಗೆ ಸಂತೋಷವಿದ್ದರೆ ಇದನ್ನು ಆರಿಸಿಕೊಳ್ಳಿ. ಅವಶ್ಯಕತೆಯ ದೃಷ್ಟಿಯಿಂದ ಇದು ಯಾವ ಕೋಟೆಗೂ ಅನಿವಾರ್ಯವಲ್ಲ.

ಒಳಗಿನ ಅಪಾಯಗಳು

ಅಗೆತ ನಿಂತುಹೋಗಿ ‘ಕಲ್ಲು ತೇವವಾಗಿದೆ’ ಅಥವಾ ‘ಕಲ್ಲು ಬೆಚ್ಚಗಿದೆ’ ಎಂಬ ಸೂಚನೆ ಬಂದಾಗ, ಅದನ್ನು ಅಡಚಣೆಯೆಂದು ಭಾವಿಸಿ ಮತ್ತೆ ಗುರುತು ಹಾಕುವವರು ಬಹಳ. ಅತ್ತ ಏನಿದೆ ಎಂದು ಅಕ್ಕಪಕ್ಕದ, ಮೇಲಿನ ಅಂತಸ್ತುಗಳನ್ನು ನೋಡಿದ ಮೇಲೆಯೇ ಮುಂದುವರಿಯಿರಿ. ಅಂತರ್ಜಲ ಪದರ ಹಗುರವಾದದ್ದಾದರೆ ನೀರು ನಿಧಾನವಾಗಿ ಜಿನುಗುತ್ತದೆ, ಮೆಟ್ಟಿಲು ಕೊರೆದ ಕೂಡಲೇ ಸುತ್ತ ಗೋಡೆ ಕಟ್ಟಿದರೆ ನಿಲ್ಲುತ್ತದೆ. ಭಾರಿ ಪದರವಿರುವ ನೆಲವನ್ನು ಹೊಸಬರು ಆರಿಸದಿರುವುದೇ ಒಳ್ಳೆಯದು.

ಗುಹೆಗಳನ್ನು ತೆರೆಯಬೇಕೋ ಬೇಡವೋ ಎಂಬುದು ಇನ್ನೊಂದು ಆಯ್ಕೆ. ತೆರೆದರೆ ಮರ, ರೇಷ್ಮೆ, ಹೆಪ್ಪುಗಟ್ಟದ ನೀರು ಸಿಗುತ್ತವೆ. ಮರೆತುಹೋದ ಮೃಗಗಳಿಗೂ ದಾರಿಯಾಗುತ್ತದೆ. ಒಂದೇ ಬಾಯನ್ನು ತೆರೆದು, ಅದಕ್ಕೂ ಮೇಲಿನ ದ್ವಾರದಷ್ಟೇ ಗಟ್ಟಿಯಾದ ಸೇತುವೆ ಹಾಕುವುದು ಮಧ್ಯಮಾರ್ಗ. ಮೇಲಿನ ದ್ವಾರಕ್ಕೆ ಎಲ್ಲ ಗಮನ ಕೊಟ್ಟು ಈ ಕೆಳಬಾಗಿಲನ್ನು ಹಾಗೇ ಬಿಟ್ಟ ಕೋಟೆಗಳು ಒಳಗಿನಿಂದಲೇ ಸಾಯುತ್ತವೆ. ಉಳಿದಂತೆ, ಕೊಳೆಯುವ ಶವ ಮತ್ತು ಕಸವನ್ನು ನೆಲದಡಿಯಲ್ಲಿಟ್ಟರೆ ದುರ್ಗಂಧದ ಮೋಡ ಹಬ್ಬುತ್ತದೆ, ಹೊರಗೆ ರಾಶಿ ಹಾಕಿದರೆ ಹಬ್ಬುವುದಿಲ್ಲ.

ಯಾರಿಗೆ ಯಾವುದು

ಮೊದಲ ಬಾರಿಗೆ ಆಡುತ್ತಿದ್ದು ಜನ ಇನ್ನೂ ಇಪ್ಪತ್ತರೊಳಗಿದ್ದರೆ ಮೂರು ಚೌಕ ಅಗಲದ ಒಂದು ಸೇತುವೆ, ಅದರ ಒಳಗೆ ಹತ್ತು ಬೋನು, ಬಾಗಿಲಲ್ಲಿ ಎರಡು ನಾಯಿ: ಇಷ್ಟಕ್ಕೆ ನಿಲ್ಲಿಸಿ, ಉಳಿದ ಶ್ರಮವನ್ನು ಅನ್ನ ಮತ್ತು ಹಾಸಿಗೆಗೆ ಕೊಡಿ. ಕಬ್ಬಿಣ ಮತ್ತು ಸುಣ್ಣಕಲ್ಲು ಎರಡೂ ಇರುವ ನೆಲ ಸಿಕ್ಕಿದ್ದರೆ ಐವತ್ತು ಜನರಾಗುವ ಹೊತ್ತಿಗೆ ಪಡೆ ಆರಂಭಿಸಿ. ಬೋನಿನಲ್ಲಿರುವ ಗಾಬ್ಲಿನ್‌ಗಳ ಆಯುಧ ಕಸಿದುಕೊಂಡು ಅವರನ್ನು ಆ ಪಡೆಯ ಅಭ್ಯಾಸಕ್ಕೆ ಬಳಸಬಹುದು. ಲೋಹವೇ ಇಲ್ಲದ ನೆಲದಲ್ಲಿ ಬೋನುಗಳ ಸಂಖ್ಯೆಯನ್ನು ಹೆಚ್ಚಿಸುತ್ತಾ, ಮೂಳೆಯ ಬಾಣಗಳ ಕ್ರಾಸ್‌ಬೋ ದಳವನ್ನು ಕಿಂಡಿಗಳ ಹಿಂದೆ ನಿಲ್ಲಿಸಿ, ಕವಚಗಳನ್ನು ವ್ಯಾಪಾರಿಗಳಿಂದ ಕೊಳ್ಳುವುದು ಸಾಧುವಾದ ದಾರಿ. ನೆಕ್ರೋಮ್ಯಾನ್ಸರ್ ಗೋಪುರ ಹತ್ತಿರವಿದ್ದರೆ ನೀರನ್ನು ಮರೆತು, ಹೊರಗೆ ಬಿದ್ದ ಹೆಣಗಳನ್ನು ಬೇಗ ಸಮಾಧಿ ಮಾಡುವ ವ್ಯವಸ್ಥೆಗೆ ಗಮನ ಕೊಡಿ, ಏಕೆಂದರೆ ಅಲ್ಲಿ ಬಿಟ್ಟ ಪ್ರತಿ ಶವವೂ ಶತ್ರುವಿನ ಕಡೆಯ ಸೈನಿಕನಾಗಿ ಏಳಬಹುದು. ಕಂಪ್ಯೂಟರ್ ಹಳೆಯದಾಗಿದ್ದರೆ ಹರಿಯುವ ನೀರು, ಲಾವಾರಸ ಎರಡನ್ನೂ ಬಿಟ್ಟು, ಸಣ್ಣ ನಕ್ಷೆಯಲ್ಲಿ ಒಣ ಕಂದಕ ಮತ್ತು ಎರಡು ಸೇತುವೆಗಳ ದ್ವಾರವನ್ನು ಆರಿಸಿ, ಜನಸಂಖ್ಯೆಯ ಮಿತಿಯನ್ನು ಸೆಟ್ಟಿಂಗ್‌ನಲ್ಲಿ ಇಳಿಸಿಕೊಳ್ಳಿ.